ಒಂದೇ ಟ್ಯಾಂಕಲ್ಲಿ ಮೂರು ಥರ ಗಾರ್ಟರ್ ಹಾವು: ನನ್ನ ಅನುಭವ

ಡಾಲಸ್‌ನಲ್ಲಿ ಹಾವು ಸಾಕೋ ಗೆಳೆಯರೆಲ್ಲ ಬೇಡ ಅಂದಿದ್ರು, ಗಾರ್ಟರ್ (ಉತ್ತರ ಅಮೆರಿಕದ ಸಣ್ಣ ಹಾವು) ಬೇರೆ ಬೇರೆ ಜಾತಿ ಒಟ್ಟಿಗೆ ಬಿಟ್ರೆ ಒಂದು ಉಳಿಯುತ್ತೆ ಅಷ್ಟೇ ಅಂತ. ಈಗ ಎರಡು ವರ್ಷ ಆಗ್ತಾ ಬಂತು, ಒಂದು ಚೆಕರ್ಡ್, ಒಂದು ಪ್ಲೇನ್ಸ್, ಎರಡು ಈಸ್ಟರ್ನ್, ನಾಲ್ಕೂ ಒಂದೇ ತೊಗಟೆ ಕೆಳಗೆ ಹೆಣ್ಕೊಂಡು ಮಲಗ್ತವೆ. ನಂಗೆ ಧೈರ್ಯ ಬಂದಿದ್ದೇ ಕೆನಡಾದ ನಾರ್ಸಿಸ್ ನೆನೆಸ್ಕೊಂಡು, ಅಲ್ಲಿ ಚಳಿಗಾಲಕ್ಕೆ ಹತ್ತಾರು ಸಾವಿರ ರೆಡ್ ಸೈಡೆಡ್ ಗಾರ್ಟರ್ ಸುಣ್ಣಕಲ್ಲಿನ ಬಿರುಕುಗಳಲ್ಲಿ ಒಟ್ಟೊಟ್ಟಿಗೇ ಇರ್ತವೆ.

ಮೊದಲನೇ ಪ್ಲೇನ್ಸ್ ತಗೊಂಡಿದ್ದು 25 ಡಾಲರ್‌ಗೆ, ಕಾಡಿಂದ ಹಿಡಿದದ್ದು. ಹೊಟ್ಟೆ ತುಂಬ ಹುಳ. ಡಾಕ್ಟರಿಗೆ ಸುಮಾರು 150 ಕೊಟ್ಟೆ, ಆದ್ರೂ ಆರು ವಾರಕ್ಕೆ ಹೋಯ್ತು. ಇವತ್ತಿಗೂ ಬೇಜಾರಾಗುತ್ತೆ. ಆಮೇಲೆ ರೆಪ್ಟೈಲ್ ಶೋಗಳಲ್ಲಿ ಮನೇಲೇ ಹುಟ್ಟಿದ ಮರಿ ಮಾತ್ರ ತಗೊಂಡೆ, ಒಂದೊಂದಕ್ಕೆ 50, 60 ಬಿತ್ತು, ಎಲ್ಲಾ ಹೆಣ್ಣೇ. ಗಂಡು ಸೇರಿಸಿದ್ರೆ ಬೆರಕೆ ಮರಿ ಆಗ್ಬಹುದು, ಇವು ಮೊಟ್ಟೆ ಇಡಲ್ಲ, ಮರಿನೇ ಹಾಕ್ತವೆ, ಒಂದ್ಸಲಕ್ಕೆ ಇಪ್ಪತ್ತು ಮೂವತ್ತು ಬಂದ್ರೆ ಯಾರಿಗೆ ಕೊಡ್ತೀರಾ? ಒಂದೊಂದನ್ನೂ ಮೂರು ತಿಂಗಳು ಬೇರೆ ಡಬ್ಬದಲ್ಲಿಟ್ಟು, ಮಲ ಟೆಸ್ಟ್ ಮಾಡಿಸಿ, ಗಾತ್ರ ಸಮ ಆದ್ಮೇಲೇ ಸೇರಿಸಿದ್ದು.

ದೊಡ್ಡ ತಪ್ಪು ಆಗಿದ್ದು ಊಟದಲ್ಲಿ. ಟ್ಯಾಂಕೊಳಗೇ ಮೀನಿನ ತುಂಡು ಹಾಕಿದ್ದೆ, ಚೆಕರ್ಡು ಈಸ್ಟರ್ನು ಒಂದೇ ತುಂಡಿನ ಎರಡು ತುದಿ ಹಿಡಿದ್ವು, ನಾನು ಫೋನ್ ಮುಗಿಸಿ ಬರೋದ್ರಲ್ಲಿ ಚೆಕರ್ಡು ಮೀನಿನ ಜೊತೆ ಈಸ್ಟರ್ನ್ ತಲೆನೂ ನುಂಗ್ತಾ ಇತ್ತು. ಮೆಲ್ಲಗೆ ಬಿಡಿಸಿದೆ, ಎರಡೂ ಬದುಕಿದ್ವು. ಗೆಳೆಯರು ಹೆದರಿಸಿದ್ದು ಇದಕ್ಕೇ ಅಂತ ಆವತ್ತು ಗೊತ್ತಾಯ್ತು. ಅವತ್ತಿಂದ ನಾಲ್ಕಕ್ಕೂ ನಾಲ್ಕು ಡಬ್ಬ, ತಿಂದು ಅರ್ಧ ಗಂಟೆ ಆದ್ಮೇಲೆ ಬಾಯಿ ಸುತ್ತ ಒರೆಸಿ ವಾಪಸ್ ಬಿಡೋದು.

ಇನ್ನೊಂದು, ಸಸ್ತಾ ಅಂತ ಗೋಲ್ಡ್‌ಫಿಶ್ ಹಾಕ್ತಿದ್ದೆ. ಅದ್ರಲ್ಲಿರೋ ಥಯಾಮಿನೇಸ್ ಅನ್ನೋ ಕಿಣ್ವ ಬಿ1 ವಿಟಮಿನ್ ತಿಂದುಹಾಕುತ್ತೆ, ಒಂದು ಈಸ್ಟರ್ನ್ ತಲೆ ತಿರುಚಿ ನಡುಗೋಕೆ ಶುರು ಮಾಡ್ತು. ಬಿ1 ಕೊಡಿಸಿ ಉಳಿಸಿದೆ. ಈಗ ತಿಲಾಪಿಯಾ, ಎರೆಹುಳ (ಗೊಬ್ಬರದ ಕೆಂಪು ಎರೆಹುಳ ಬೇಡವೇ ಬೇಡ), ಜೊತೆಗೆ ಪಿಂಕಿ (ಈಗಷ್ಟೇ ಹುಟ್ಟಿದ ಇಲಿ ಮರಿ). ಮೀನು ತಿನ್ನೋ ಹಾವನ್ನ ಪಿಂಕಿಗೆ ತಿರುಗಿಸೋಕೆ ಪಿಂಕಿಗೆ ಮೀನಿನ ವಾಸನೆ ಹಚ್ಚೋದು ಸಾಕೋರಿಗೆಲ್ಲ ಗೊತ್ತು, ಆದ್ರೆ ನಾನು ಹಚ್ಚೋದೇ ಬೇರೆ, ಅದನ್ನ ಇಲ್ಲಿ ಬರೆಯಲ್ಲ. ಮೂರೇ ಸಲಕ್ಕೆ ನಾಲ್ಕೂ ಒಪ್ಕೊಂಡ್ವು.

ಟ್ಯಾಂಕ್ 75 ಗ್ಯಾಲನ್, ನಾಲ್ಕಡಿ ಉದ್ದ, ಸೆಕೆಂಡ್ ಹ್ಯಾಂಡ್ 90 ಡಾಲರ್. ಬಿಸಿ ಕಡೆ 85 ಫ್ಯಾರನ್‌ಹೀಟ್, ತಂಪು ಕಡೆ 75ರ ಹತ್ರ. ಹಸಿರು ಚೆನ್ನಾಗಿರುತ್ತೆ ಅಂತ ಒಂದ್ಸಲ ಪಾಚಿ, ಗಿಡ ಎಲ್ಲಾ ಹಾಕಿ ಒದ್ದೆ ಇಟ್ಟೆ, ಎರಡೇ ವಾರಕ್ಕೆ ಹೊಟ್ಟೆ ಮೇಲೆ ಗುಳ್ಳೆ. ಎಲ್ಲಾ ಕಿತ್ತು ಒಣ ಆಸ್ಪೆನ್ ಮರದ ಹೊಟ್ಟು ಹಾಸಿದೆ, ನೀರಿನ ಬೋಗುಣಿ ಮಾತ್ರ ದೊಡ್ಡದು. ಅಡಗೋ ಜಾಗ ಹಾವಿಗಿಂತ ಎರಡು ಜಾಸ್ತಿನೇ ಇರಲಿ.

ಅಮ್ಮ ಮೈಸೂರಿಂದ ಬಂದಾಗ ನೋಡಿ, ಇದು ನಮ್ಮ ನೀರೊಳ್ಳೆ ಥರ ಇದೆಯಲ್ಲೋ ಅಂದ್ರು. ನಿಜವಾಗ್ಲೂ ಹತ್ತಿರದ ನೆಂಟ್ರೇ, ಹಿಡಿದ್ರೆ ಬಿಡೋ ನಾತನೂ ಹಂಗೇ. ಆದ್ರೆ ಊರಲ್ಲಿ ನೀರೊಳ್ಳೆ ಹಿಡಿದು ಸಾಕೋಕೆ ಹೋಗ್ಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಮುಂದಿನ ಶೋನಲ್ಲಿ ರೆಡ್ ಸೈಡೆಡ್ ಹೆಣ್ಣು ಸಿಕ್ರೆ ತರೋದೇ, ಮೂರು ತಿಂಗಳ ಡಬ್ಬ ತೊಳೆದಿಟ್ಟಿದೀನಿ.