ಕಾಗದ ಹರಿಯಲಿ ಮೊದಲು, ಕತ್ತರಿ ಆಮೇಲೆ

ಪುಟ್ಟ ಮಕ್ಕಳಿಗೆ ಕಾಗದದ ಕೈಕೆಲಸ ಕಲಿಸಲು ಹೊರಡುವ ಹಿರಿಯರು ಸಾಮಾನ್ಯವಾಗಿ ಮೊದಲು ಹುಡುಕುವುದು ಬಣ್ಣದ ಹಾಳೆ ಮತ್ತು ಕತ್ತರಿಯನ್ನು. ಎರಡು, ಎರಡೂವರೆ ವರ್ಷದ ಮಗುವಿಗೆ ಇವೆರಡೂ ಬೇಕಿಲ್ಲ. ಒಂದಿಷ್ಟು ಹಳೆಯ ಕಾಗದವನ್ನು ಎದುರಿಗಿಟ್ಟು, ಬೇಕಾದಂತೆ ಹರಿ ಎಂದು ಬಿಟ್ಟರೆ ಸಾಕು. ಹಾಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಬಿಗಿಯಾಗಿ ಹಿಡಿದು, ಒಂದು ಕೈಯನ್ನು ಮುಂದಕ್ಕೆ ತಳ್ಳುತ್ತ ಇನ್ನೊಂದನ್ನು ತನ್ನತ್ತ ಎಳೆದುಕೊಳ್ಳುವ ಈ ಕೆಲಸದಲ್ಲಿ ಎರಡೂ ಕೈಗಳು ಬೇರೆ ಬೇರೆ ದಿಕ್ಕಿಗೆ ಚಲಿಸಬೇಕಾಗುತ್ತದೆ. ಮುಂದೆ ಕತ್ತರಿ ಆಡಿಸಲು, ಅಂಗಿಯ ಗುಂಡಿ ಹಾಕಿಕೊಳ್ಳಲು, ಪೆನ್ಸಿಲ್ ಹಿಡಿಯಲು ಬೇಕಾದ ಬೆರಳಿನ ಹಿಡಿತಕ್ಕೆ ಇದು ಒಳ್ಳೆಯ ತಯಾರಿ.

ಮಗು ಹರಿಯಲಾರದೆ ಹೆಣಗಾಡುತ್ತಿದ್ದರೆ ಹಾಳೆಯ ಅಂಚಿನಲ್ಲಿ ನೀವೇ ಸಣ್ಣದೊಂದು ಸೀಳು ಮಾಡಿ ಕೊಡಿ. ದಿನಪತ್ರಿಕೆಯ ಹಾಳೆ ಒಂದು ದಿಕ್ಕಿನಲ್ಲಿ ನೇರವಾಗಿ ಪಟ್ಟಿಪಟ್ಟಿಯಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಸೊಟ್ಟಸೊಟ್ಟಗೆ ಹೋಗುತ್ತದೆ. ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಸಾಲುಗಟ್ಟುವುದು ಇದಕ್ಕೆ ಕಾರಣ. ಯಾವ ದಿಕ್ಕು ಸಲೀಸು ಎಂಬುದನ್ನು ಮೊದಲೇ ನೋಡಿಕೊಂಡು ಹಾಳೆಯನ್ನು ಹಾಗೆಯೇ ಹಿಡಿಸಿದರೆ ಮಗುವಿಗೆ ಗೆದ್ದಷ್ಟು ಸಂತೋಷವಾಗುತ್ತದೆ. ಹರಿದ ಚೂರುಗಳನ್ನು ದೊಡ್ಡ ಹಾಳೆಯ ಮೇಲೆ ಅಂಟಿಸಿದರೆ ಅದೇ ಒಂದು ಚಿತ್ರ. ಅಂಗಡಿಯಲ್ಲಿ ಕೊಡುವ ನುಣುಪಾದ ಬಿಲ್ಲಿನ ಕಾಗದವನ್ನು ಮಾತ್ರ ಕೊಡಬೇಡಿ. ಶಾಖದಿಂದ ಅಕ್ಷರ ಮೂಡಲೆಂದು ಅದಕ್ಕೆ ರಾಸಾಯನಿಕ ಲೇಪಿಸಿರುತ್ತಾರೆ. ದಿನಪತ್ರಿಕೆಯ ಮಸಿ ಕೈಗೆ ಹತ್ತುವುದರಿಂದ ಕೆಲಸ ಮುಗಿದ ಕೂಡಲೇ ಕೈ ತೊಳೆಸುವುದೂ ಇರಲಿ.

ಮೂರು ವರ್ಷದ ಆಸುಪಾಸಿನಲ್ಲಿ ಮೊಂಡು ತುದಿಯ ಚಿಕ್ಕ ಕತ್ತರಿಯನ್ನು ಕೊಡಬಹುದು, ಆದರೆ ನೀವು ಪಕ್ಕದಲ್ಲಿಯೇ ಕುಳಿತಿರಬೇಕು. ತೆಳು ಕಾಗದ ಅಲಗುಗಳ ನಡುವೆ ಮಡಚಿಕೊಂಡು ಜಾರುತ್ತದೆ, ಮಗು ರೇಗುತ್ತದೆ. ಹಾಗಾಗಿ ಆರಂಭದಲ್ಲಿ ಡ್ರಾಯಿಂಗ್ ಹಾಳೆಯಂಥ ಗಡುಸು ಕಾಗದವೇ ಮೇಲು. ಅದನ್ನು ಸುಮಾರು 2 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ನೀವೇ ಕತ್ತರಿಸಿಟ್ಟರೆ, ಮಗು ಒಮ್ಮೆ ಕತ್ತರಿಯನ್ನು ಮುಚ್ಚಿದಾಗಲೇ ಒಂದು ತುಂಡು ಕೆಳಗೆ ಬೀಳುತ್ತದೆ. ಗೆರೆಯ ಮೇಲೆ ಕತ್ತರಿಸುವುದು ಅದರ ನಂತರದ ಮಾತು, ದುಂಡಗೆ ಕತ್ತರಿಸುವುದಂತೂ ಇನ್ನೂ ಮುಂದಿನದು. ಹೆಬ್ಬೆರಳು ಮೇಲ್ಮುಖವಾಗಿರಬೇಕು, ಕತ್ತರಿ ಎದೆಯಿಂದ ಆಚೆಗೆ ಮುಖ ಮಾಡಿರಬೇಕು, ತಿರುವು ಬಂದಾಗ ಕತ್ತರಿಯ ಬದಲು ಇನ್ನೊಂದು ಕೈಯಲ್ಲಿರುವ ಕಾಗದ ತಿರುಗಬೇಕು. ಈ ಮೂರನ್ನು ಮೊದಲೇ ರೂಢಿ ಮಾಡಿಸಿದರೆ ಮುಂದೆ ತಿದ್ದುವ ಕಷ್ಟವಿರುವುದಿಲ್ಲ. ಎಡಗೈ ರೂಢಿಯ ಮಗುವಿಗೆ ಸಾಮಾನ್ಯ ಕತ್ತರಿ ಕೊಟ್ಟರೆ ಮೇಲಿನ ಅಲಗು ಗೆರೆಯನ್ನೇ ಮರೆಮಾಡುತ್ತದೆ, ಬೆರಳಿನ ಒತ್ತಡದಿಂದ ಅಲಗುಗಳು ಒಂದರಿಂದೊಂದು ದೂರ ಸರಿಯುತ್ತವೆ. ಮಗುವಿಗೆ ಬರುವುದಿಲ್ಲ ಎಂದು ಬೈಯುವ ಮೊದಲು ಎಡಗೈಯವರಿಗಾಗಿಯೇ ಮಾಡಿದ ಕತ್ತರಿಯನ್ನು ತಂದುಕೊಡಿ.

ಮಡಿಸುವ ಕೆಲಸ ಕತ್ತರಿಗಿಂತ ಸೌಮ್ಯವಾಗಿ ಕಂಡರೂ ಅದಕ್ಕೆ ಬೇಕಾದ ತಾಳ್ಮೆ ಹೆಚ್ಚಿನದು. 1837ರಲ್ಲಿ ಜರ್ಮನಿಯಲ್ಲಿ ಪುಟ್ಟ ಮಕ್ಕಳ ಶಿಕ್ಷಣಕ್ಕೆ ಸಂಸ್ಥೆ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್ ಅವರ ಪದ್ಧತಿಯಲ್ಲಿ ಕಾಗದ ಮಡಿಸುವುದಕ್ಕೂ ಒಂದು ಸ್ಥಾನವಿತ್ತು. ಚೌಕವನ್ನು ಅರ್ಧಕ್ಕೆ ಮಡಿಸಿದರೆ ಆಯತವಾಗುತ್ತದೆ, ಮೂಲೆಗೆ ಮೂಲೆ ಸೇರಿಸಿ ಮಡಿಸಿದರೆ ತ್ರಿಕೋನವಾಗುತ್ತದೆ ಎಂಬುದನ್ನು ಮಗು ಪಾಠವಿಲ್ಲದೆ ಕೈಯಲ್ಲೇ ತಿಳಿದುಕೊಳ್ಳುತ್ತದೆ. ಚೌಕ ಮಾಡಲು ಸ್ಕೇಲು ಬೇಡ. ಎ4 ಹಾಳೆಯ ಒಂದು ಮೂಲೆಯನ್ನು ಓರೆಯಾಗಿ ಮಡಿಸಿ ಎದುರಿನ ಉದ್ದ ಅಂಚಿಗೆ ಕೂಡಿಸಿ, ಉಳಿಯುವ ಪಟ್ಟಿಯನ್ನು ಕತ್ತರಿಸಿ ತೆಗೆದರೆ 21 ಸೆಂಟಿಮೀಟರಿನ ಚೌಕ ಸಿದ್ಧ. ಅಂಚಿಗೆ ಅಂಚು ಕೂಡಿದ ಮೇಲೆ ಮಗು ಒಂದು ಕೈಯಿಂದ ಒತ್ತಿ ಹಿಡಿಯಲಿ, ಇನ್ನೊಂದು ಕೈಯ ಬೆರಳನ್ನು ನಡುವಿನಿಂದ ಹೊರಕ್ಕೆ ಸವರಿ ಮಡಿಕೆ ಕೂರಿಸಲಿ. ಮೊದಮೊದಲು ಎರಡು ಮೂರು ಮಡಿಕೆಗಳಲ್ಲಿ ಮುಗಿಯುವ ವಸ್ತುವನ್ನೇ ಆರಿಸಿಕೊಳ್ಳಬೇಕು. ನಾಲ್ಕು ವರ್ಷದ ಮಗುವಿನ ಮುಂದೆ ದೋಣಿ ಮಾಡಲು ಕುಳಿತರೆ ಕೊನೆಗೆ ದೋಣಿ ಮಾಡುವವರು ನೀವೇ, ಮಗು ಬರಿಯ ಪ್ರೇಕ್ಷಕ. ಹಾಗೆ ನೀವು ಮಾಡಿಕೊಟ್ಟ ದೋಣಿಯನ್ನು ನೀರಿಗೆ ಬಿಡುವುದಿದ್ದರೆ, ಮಡಿಸುವ ಮೊದಲೇ ಹಾಳೆಗೆಲ್ಲ ಮೇಣದ ಬಣ್ಣದ ಕಡ್ಡಿಯನ್ನು ಒತ್ತಿ ಬಳಿಯುವ ಕೆಲಸವನ್ನು ಮಗುವಿಗೆ ವಹಿಸಿ. ಮೇಣ ಹತ್ತಿದ ಕಾಗದ ಬೇಗ ನೆನೆಯುವುದಿಲ್ಲ.

ಚೌಕ ತೆಗೆದು ಉಳಿದ ಪಟ್ಟಿಯನ್ನು ಎಸೆಯಬೇಡಿ. ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದು ಪಟ್ಟಿಯನ್ನು ಮೇಲಿನಿಂದ ಅರ್ಧದವರೆಗೆ ನಡುವೆ ಕತ್ತರಿಸಿ, ಆ ಎರಡು ರೆಕ್ಕೆಗಳಲ್ಲಿ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಬಾಗಿಸಿ, ಕೆಳತುದಿಯನ್ನು ಎರಡು ಮೂರು ಬಾರಿ ಮಡಿಸಿ ಭಾರ ಮಾಡಿ ಎತ್ತರದಿಂದ ಬಿಟ್ಟರೆ ಗಿರಗಿರನೆ ತಿರುಗುತ್ತ ಇಳಿಯುತ್ತದೆ. ರೆಕ್ಕೆಗಳನ್ನು ಅದಲುಬದಲಾಗಿ ಬಾಗಿಸಿದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಇದನ್ನು ನೀವು ಹೇಳಿಕೊಡಬೇಡಿ, ಮಗುವೇ ಕಂಡುಕೊಳ್ಳಲಿ. ಸೂಜಿ ಚುಚ್ಚಿ ಮಾಡುವ ಗಿರಗಟ್ಟೆಗಿಂತ ನನಗೆ ಇದೇ ಹೆಚ್ಚು ಇಷ್ಟ, ಏಕೆಂದರೆ ಇದರಲ್ಲಿ ಸೂಜಿಯೂ ಇಲ್ಲ, ಅಂಟೂ ಇಲ್ಲ.

ಅಂಟಿನ ಮಾತಿಗೆ ಬಂದರೆ, ಒಂದು ಪಾಲು ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು ನಾಲ್ಕೈದು ಪಾಲು ನೀರಾಗುವಂತೆ ನೋಡಿಕೊಂಡು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಗಟ್ಟಿಯಾಗುವವರೆಗೆ ಕುದಿಸಿ ಆರಿಸಿದರೆ ಕಾಗದಕ್ಕೆ ತಕ್ಕ ಅಂಟಾಗುತ್ತದೆ. ಫ್ರಿಜ್ಜಿನಲ್ಲಿ ಕೆಲವು ದಿನ ಉಳಿಯುತ್ತದೆ, ವಾಸನೆ ಬಂದರೆ ಚೆಲ್ಲಿಬಿಡಿ. ಅಂಟನ್ನು ಮುಚ್ಚಳವೊಂದರಲ್ಲಿ ಸ್ವಲ್ಪವೇ ಹಾಕಿಕೊಟ್ಟು, ಪಕ್ಕದಲ್ಲಿ ಒದ್ದೆ ಬಟ್ಟೆ ಇಡಿ. ತೆಳು ಚೂರಿಗೆ ಬಳಿದರೆ ಅದು ನೆನೆದು ಮುದುಡುತ್ತದೆ, ಆದ್ದರಿಂದ ಕೆಳಗಿನ ದಪ್ಪ ಹಾಳೆಗೇ ಬಳಿದು ಚೂರನ್ನು ಅದರ ಮೇಲೆ ಕೂರಿಸಬೇಕು. ನೀರು ಹೀರಿದ ನಾರು ಉಬ್ಬುವುದರಿಂದ ಹಾಳೆ ಸೊಟ್ಟಗಾಗುತ್ತದೆ. ತೇವ ಬಹುಮಟ್ಟಿಗೆ ಆರಿದ ಮೇಲೆ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಭಾರವಾದ ಪುಸ್ತಕ ಹೇರಿದರೆ ಸಪಾಟಾಗುತ್ತದೆ.

ಹಿರಿಯರ ಕೈ ತಡೆಯುವುದೇ ಇದರಲ್ಲೆಲ್ಲ ಕಷ್ಟದ ಭಾಗ. ಕಣ್ಣು ಕೆನ್ನೆಯ ಮೇಲೆ ಅಂಟಿದ್ದರೆ ಅಲ್ಲಿಯೇ ಇರಲಿ. ಮಗು ಆಚೆ ತಿರುಗಿದಾಗ ಕಿತ್ತು ಸರಿಪಡಿಸಿದರೆ ಅದಕ್ಕೆ ಗೊತ್ತಾಗದಿರುವುದಿಲ್ಲ. ತೋರಿಸಿಕೊಡಬೇಕೆನಿಸಿದರೆ ನೀವೂ ಒಂದು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ನಿಮ್ಮದನ್ನೇ ಮಾಡಿ. ಹತ್ತು ಹದಿನೈದು ನಿಮಿಷಕ್ಕೆ ಮಗು ಎದ್ದು ಹೋದರೆ ಕರೆದು ಕೂರಿಸುವ ಅಗತ್ಯವಿಲ್ಲ, ಅರ್ಧವಾದದ್ದನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿಡಿ. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ನೆಲದ ಮೇಲಿನ ಚೂರುಗಳು ಬಾಯಿ ಸೇರದಂತೆ ಕೂಡಲೇ ಗುಡಿಸಿ, ಕತ್ತರಿಯನ್ನು ಎತ್ತರದಲ್ಲಿಡಿ. ಉಳಿಸಿಕೊಳ್ಳಬೇಕೆನಿಸಿದ ಒಂದೆರಡು ಕೆಲಸಗಳ ಹಿಂಬದಿಯಲ್ಲಿ ತಾರೀಕನ್ನೂ ಮಗು ಅದನ್ನು ಏನೆಂದು ಕರೆಯಿತೋ ಅದನ್ನೂ ಅಂದೇ ಬರೆದಿಡಿ, ವಾರ ಕಳೆದರೆ ಅದು ಆನೆಯೋ ವಿಮಾನವೋ ಎಂದು ಮಗುವಿಗೂ ನೆನಪಿರುವುದಿಲ್ಲ.