ಕೋಟಿನ ಭಾರ ಗೆರೆಗೆ ಸಿಕ್ಕಿದ್ದು

ಸೀರೆಯ ನೆರಿಗೆ ಬಿಡಿಸಿ ಪಳಗಿದ ಕೈ ನನ್ನದು. 1950ರ ಸುಮಾರಿನ ಪ್ಯಾರಿಸ್ ಶೈಲಿಯಲ್ಲಿ, ಕೋಟು ತೊಟ್ಟ ಹೆಣ್ಣಿನ ಫ್ಯಾಷನ್ ಸ್ಕೆಚ್ ಮಾಡಲು ಕೂತಾಗ ಆ ಅಭ್ಯಾಸವೇ ಅಡ್ಡ ಬಂತು. ಸೊಂಟದಿಂದ ಕೆಳಗೆ ಸಾಲಾಗಿ ಸಣ್ಣ ಸಣ್ಣ ಗೆರೆ ಎಳೆದೆ. ಕೋಟು ರೇಷ್ಮೆಯಂತೆ ತೆಳ್ಳಗೆ ಕಂಡಿತು. ಉಣ್ಣೆಯ ಭಾರವೇ ಇಲ್ಲ.

ಮನೆಯ ಕರಿ ಕಂಬಳಿಯನ್ನು ಕುರ್ಚಿಯ ಬೆನ್ನಿಗೆ ಇಳಿಬಿಟ್ಟು ಸುಮ್ನೆ ನೋಡುತ್ತ ಕೂತೆ. ಸೀರೆಯಲ್ಲಿ ಹತ್ತಾರು ಮಡಿಕೆ ಬೀಳುವ ಕಡೆ ಕಂಬಳಿಯಲ್ಲಿ ಬಿದ್ದದ್ದು ಮೂರೇ. ಅವೂ ದಪ್ಪ, ದುಂಡು. ಮಡಿಕೆ ಶುರುವಾಗುವುದು ಬಟ್ಟೆ ತೂಗಿಬಿದ್ದ ಜಾಗದಿಂದ, ಅಂದರೆ ಕೋಟಿನಲ್ಲಾದರೆ ಭುಜದಿಂದ. ನಾನು ಸೊಂಟದಿಂದ ಶುರುಮಾಡಿದ್ದೆ!

ಆ ಕಾಲದ ಕೋಟು ಅಷ್ಟು ಅಗಲ ಯಾಕೆ ಅನ್ನುವುದೂ ಆಮೇಲೆ ಹೊಳೆಯಿತು. ಫ್ರೆಂಚ್ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೊರ್ 1947ರ ಫೆಬ್ರುವರಿ 12ರಂದು ಪ್ಯಾರಿಸ್‌ನಲ್ಲಿ ತನ್ನ ಮೊದಲ ಉಡುಪುಗಳ ಸಂಗ್ರಹ ತೋರಿಸಿದ. ಯುದ್ಧಕಾಲದ ಬಟ್ಟೆಯ ಬಿಗಿ ಲೆಕ್ಕವನ್ನು ಬದಿಗಿಟ್ಟು, ಸಣ್ಣ ಸೊಂಟದ ಕೆಳಗೆ ಮೀಟರುಗಟ್ಟಲೆ ಬಟ್ಟೆಯ ಲಂಗ. ಒಳಗಿನ ಲಂಗವೇ ಅಷ್ಟು ಹರಡಿಕೊಂಡರೆ ಮೇಲಿನ ಕೋಟಿಗೂ ಜಾಗ ಬೇಕಲ್ವಾ? ಹಾಗಾಗಿ ನಾನು ಭುಜದಿಂದಲೇ ಸಡಿಲವಾಗಿ ಇಳಿಯುವ ಕೋಟನ್ನು ಆರಿಸಿಕೊಂಡೆ.

ಮೈಯನ್ನು ಪೆನ್ಸಿಲ್‌ನಲ್ಲಿ ಹಗುರಾಗಿ ಹಾಕಿದೆ. ನಿಜದ ಮೈ ಸುಮಾರು ಏಳೂವರೆ ತಲೆಯಷ್ಟು ಎತ್ತರ, ಫ್ಯಾಷನ್ ಸ್ಕೆಚ್ಚಿನಲ್ಲಿ ಒಂಬತ್ತು. ಹೆಚ್ಚಿನ ಉದ್ದವೆಲ್ಲ ಬಹುಮಟ್ಟಿಗೆ ಕಾಲಿಗೆ. ಕತ್ತಿನ ಗುಳಿಯಿಂದ ತೂಗುಗುಂಡು ಬಿಟ್ಟಂತೆ ಒಂದು ಗೆರೆ ಎಳೆದು, ಭಾರ ಹೊತ್ತ ಪಾದವನ್ನು ಅದರ ಕೆಳಗೇ ಇಟ್ಟೆ. ಇದು ತಪ್ಪಿದರೆ ಆಕೆ ಬೀಳುವ ಹಾಗೆ ಕಾಣುತ್ತಾಳೆ.

ಗೆರೆಗೆ ನನಗೆ ಗುರು ಫ್ಯಾಷನ್ ಚಿತ್ರಕಾರ ರೆನೆ ಗ್ರುವೊ. ಡಿಯೊರ್ ಜಾಹೀರಾತುಗಳಿಗೆ ಆತ ಬರೆದ ಚಿತ್ರಗಳಲ್ಲಿ ದಪ್ಪ ಕಪ್ಪು ಗೆರೆ, ಒಂದೆರಡು ಬಣ್ಣ, ಉಳಿದದ್ದು ಖಾಲಿ ಕಾಗದ. ನಾನೂ ಪೆನ್ನು ಬಿಟ್ಟು ದುಂಡು ಬ್ರಷ್ ಹಿಡಿದೆ. ಇಂಡಿಯನ್ ಇಂಕ್ ತುಂಬಿಕೊಂಡು, ಭುಜದ ಹತ್ತಿರ ಒತ್ತಿ, ಬೆನ್ನಿನುದ್ದಕ್ಕೂ ಒಂದೇ ಉಸಿರಿಗೆ ಇಳಿಸಿ, ಅಂಚಿನಲ್ಲಿ ಎತ್ತಿದೆ. ಮಣಿಕಟ್ಟು ತಿರುಗಿಸಿದರೆ ಗೆರೆ ನಡುಗುತ್ತದೆ. ಇಡೀ ತೋಳು ಆಡಬೇಕು. ಹಾಳೆಗಳು ಜಾಸ್ತಿಯೇ ಹೋದವು, ಹೋಗಲಿ.

ಕೊನೆಗೆ ಕೆಂಪು ಪೋಸ್ಟರ್ ಕಲರ್. ಕಾಲರಿನ ಕೆಳಗೆ ತೆಳ್ಳನೆಯ ಬಿಳಿ ಪಟ್ಟಿ ಬಿಟ್ಟೆ. ಕಾಲರ್ ತಟ್ಟನೆ ಮೇಲೆದ್ದಿತು. ಕೈಗವಸು ಕಪ್ಪು, ಮುಖಕ್ಕೆ ಹುಬ್ಬು ಮತ್ತು ತುಟಿ ಮಾತ್ರ.

ಕಂಬಳಿ ಇನ್ನೂ ಕುರ್ಚಿಯ ಮೇಲೇ ಇದೆ. ಮೊಣಕೈ ಮಡಿಸಿದಾಗ ತೋಳಿನಲ್ಲಿ ಏಳುವ ಉಬ್ಬು ಇನ್ನೂ ಕೈಗೆ ಹತ್ತಿಲ್ಲ.