ಸಂಸಾರ ಸಮೇತ ಜರ್ಮನಿಗೆ: ಮೊದಲು ಹೆಸರು, ಆಮೇಲೆ ವಿಳಾಸ

ಜರ್ಮನಿಯಲ್ಲಿ ಅಂಚೆಯವರು ಫ್ಲ್ಯಾಟ್ ನಂಬರ್ ನೋಡುವುದಿಲ್ಲ. ಬಹಳ ಕಟ್ಟಡಗಳಲ್ಲಿ ಅಂಥ ನಂಬರೇ ಇರುವುದಿಲ್ಲ. ಅವರು ನೋಡುವುದು ಕೆಳಗಿನ ಪೋಸ್ಟ್ ಡಬ್ಬದ ಮೇಲಿರುವ ಹೆಸರನ್ನು. ನಾವು ಹೋದ ಹೊಸದರಲ್ಲಿ ಡಬ್ಬದ ಮೇಲೆ ನನ್ನ ಹೆಸರೊಂದನ್ನೇ ಅಂಟಿಸಿದ್ದೆ. ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ಕೊನೆಗಿರುವುದು ಅವಳ ಅಪ್ಪನ ಹೆಸರು. ಮಗಳಿಗೆ ಕೊನೆಗಿರುವುದು ನನ್ನ ಹೆಸರು. ನನಗೆ ಊರ ಹೆಸರು. ಒಂದೇ ಮನೆ, ಮೂರು ಸರ್‌ನೇಮ್. ಹೆಂಡತಿಗೆ ಬರಬೇಕಿದ್ದ ತೆರಿಗೆ ನಂಬರಿನ ಪತ್ರ, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಯಿತು.

ಅಲ್ಲಿನ ಸಂಸಾರ ನಿಂತಿರುವುದು ಇವೆರಡರ ಮೇಲೆ: ಹೆಸರು, ವಿಳಾಸ. ಉಳಿದ ಕಾಗದಗಳೆಲ್ಲ ಇವುಗಳ ಹಿಂದೆ ಒಂದಕ್ಕೊಂದು ಕೊಂಡಿಯಾಗಿ ಬರುತ್ತವೆ.

ಬ್ಲೂ ಕಾರ್ಡ್ ಸಿಗುವುದು ಖಚಿತವೇ?

ಇಲ್ಲಿ ಹೇಳುತ್ತಿರುವುದು ಯುರೋಪಿಯನ್ ಒಕ್ಕೂಟದ ಬ್ಲೂ ಕಾರ್ಡ್, ಅಂದರೆ ಓದಿದವರಿಗೆ ಅಲ್ಲಿ ಕೆಲಸ ಮಾಡಿಕೊಂಡು ಇರಲು ಕೊಡುವ ಪರವಾನಗಿ ಮೇಲೆ ಹೋಗುವವರ ಬಗ್ಗೆ. ಪದವಿ ಇರಬೇಕು, ಅದಕ್ಕೆ ಹೊಂದುವ ಕೆಲಸದ ಆಫರ್ ಇರಬೇಕು. 2025ರಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 48,300 ಯೂರೊ ಇತ್ತು. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಜನ ಸಾಲದ ಕೆಲಸಗಳಿಗೆ 43,759.80 ಯೂರೊ. ಈ ಮೊತ್ತ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. ನಿಮ್ಮ ವಿಶ್ವವಿದ್ಯಾಲಯ ವಿದೇಶಿ ಪದವಿಗಳನ್ನು ತೂಗುವ ಜರ್ಮನಿಯ ‘ಅನಾಬಿನ್’ ಪಟ್ಟಿಯಲ್ಲಿ ಎಚ್ ಪ್ಲಸ್, ಅಂದರೆ ಮಾನ್ಯತೆ ಇದೆ ಎಂದು ಇದೆಯೇ ಅಂತ ಆಫರ್ ಬಂದ ದಿನವೇ ನೋಡಿಕೊಳ್ಳಿ.

ಸಂಸಾರ ಇರುವವರಿಗೆ ಈ ಕಾರ್ಡಿನ ದೊಡ್ಡ ಲಾಭ ಬೇರೆ. ಗಂಡನಿಗೋ ಹೆಂಡತಿಗೋ ಬ್ಲೂ ಕಾರ್ಡ್ ಇದ್ದರೆ, ಜೊತೆಗೆ ಹೋಗುವವರಿಗೆ ವೀಸಾ ಪಡೆಯಲು ಜರ್ಮನ್ ಪರೀಕ್ಷೆ ಬೇಕಿಲ್ಲ. ಅಲ್ಲಿ ಅವರು ಯಾವ ಕೆಲಸವನ್ನಾದರೂ ಮಾಡಬಹುದು. ಅಮೆರಿಕದಲ್ಲಿ ಸಂಗಾತಿಗೆ ಕೊಡುವ ಎಚ್-4 ವೀಸಾ ಹಿಡಿದು ವರ್ಷಗಟ್ಟಲೆ ಮನೆಯಲ್ಲಿ ಕೂತವರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಹೆಸರು ಸರಿಮಾಡಿಕೊಳ್ಳಿ

ನಮ್ಮ ಕಡೆ ಹೆಸರಿನ ಕಥೆ ಗೊತ್ತಲ್ಲ. ಒಂದು ಇನಿಷಿಯಲ್ ಊರದು, ಇನ್ನೊಂದು ಅಪ್ಪನದು. ಮಾರ್ಕ್ಸ್ ಕಾರ್ಡಿನಲ್ಲಿ ‘ಕೆ.ಎಸ್.’, ಆಧಾರ್‌ನಲ್ಲಿ ಬಿಡಿಸಿ ಬರೆದದ್ದು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಇಲ್ಲಿ ಹೇಗೋ ನಡೆಯುತ್ತದೆ. ಅಲ್ಲಿನ ಕೌಂಟರಿನವರು ಕೇಳುವ ಮೊದಲ ಪ್ರಶ್ನೆಯೇ ಕುಟುಂಬದ ಹೆಸರು ಯಾವುದು ಅಂತ.

ಎಲ್ಲರ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಮಕ್ಕಳ ಜನನ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿ. ಒಂದೊಂದು ಹೆಸರನ್ನೂ ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ಪಾಸ್‌ಪೋರ್ಟನ್ನು ಮೂಲ ಮಾಡಿಕೊಂಡು ಉಳಿದವನ್ನು ತಿದ್ದಿಸಿ. ಪಾಸ್‌ಪೋರ್ಟ್‌ನಲ್ಲೇ ಸರ್‌ನೇಮ್ ಖಾಲಿ ಇದ್ದರೆ ಮೊದಲು ಅದನ್ನೇ ಮರುವಿತರಣೆಗೆ ಹಾಕಿ. ಇದಕ್ಕೆ ಹಿಡಿಯುವ ಸಮಯ ವೀಸಾಕ್ಕಿಂತ ಜಾಸ್ತಿ ಆಗಬಹುದು. ಆದ್ದರಿಂದ ಆಫರ್ ಲೆಟರ್‌ಗೆ ಸಹಿ ಹಾಕಿದ ವಾರವೇ ಶುರು ಮಾಡಿ. ಎಲ್ಲರ ಸರ್‌ನೇಮ್ ಒಂದೇ ಆಗಬೇಕು ಎಂದೇನಿಲ್ಲ. ಯಾವ ಕಾಗದ ತೆಗೆದರೂ ಒಬ್ಬರ ಹೆಸರು ಒಂದೇ ಥರ ಇದ್ದರೆ ಸಾಕು.

ಮದುವೆ ಪತ್ರಿಕೆ, ಛತ್ರದ ರಸೀದಿ, ದೇವಸ್ಥಾನದವರು ಕೊಟ್ಟ ಚೀಟಿ ಇವು ಯಾವುವೂ ನಡೆಯುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿಯೇ ಬೇಕು. ಮದುವೆಯಾಗಿ ಹತ್ತು ವರ್ಷವಾದರೂ ನೋಂದಣಿ ಮಾಡಿಸದವರು ಬೇಕಾದಷ್ಟು ಜನ ಇದ್ದಾರೆ. ಈಗಲೂ ಮಾಡಿಸಬಹುದು, ಸಾಕ್ಷಿಗಳನ್ನು ಹೊಂದಿಸಿಕೊಳ್ಳಿ.

ವೀಸಾ

ಕರ್ನಾಟಕ, ಕೇರಳದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಬೇಕಾದದ್ದು ‘ಡಿ’ ವೀಸಾ, ಅಂದರೆ ಉಳಿಯಲು ಹೋಗುವವರ ವೀಸಾ. ಟೂರಿಸ್ಟ್ ವೀಸಾದಲ್ಲಿ ಸಂಸಾರವನ್ನು ಕರೆದುಕೊಂಡು ಹೋಗಿ ಆಮೇಲೆ ಬದಲಿಸೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಶುಲ್ಕ ದೊಡ್ಡವರಿಗೆ 75 ಯೂರೊ, ಮಕ್ಕಳಿಗೆ ಅದರ ಅರ್ಧ.

ಎಲ್ಲರೂ ಒಟ್ಟಿಗೆ ಅರ್ಜಿ ಹಾಕಬಹುದು. ಆದರೂ ನನ್ನ ಅನುಭವದಲ್ಲಿ ಕೆಲಸಕ್ಕೆ ಹೋಗುವವರು ಎರಡು ತಿಂಗಳು ಮೊದಲೇ ಹೋಗುವುದು ವಾಸಿ. ಮನೆ ಸಿಗದ ಊರಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋಟೆಲಿನಲ್ಲಿ ಇರುವುದು ದುಬಾರಿ ಮಾತ್ರ ಅಲ್ಲ, ಜಗಳಕ್ಕೂ ದಾರಿ.

ಸೂಟ್‌ಕೇಸ್ ತುಂಬುವಾಗ

ತುಪ್ಪ, ಮೈಸೂರು ಪಾಕ್, ಹಾಲಿನ ಯಾವ ತಿಂಡಿಯೂ ಬೇಡ. ಹೊರಗಿನ ದೇಶಗಳಿಂದ ಹಾಲು, ಮಾಂಸದ ಪದಾರ್ಥ ತರುವುದನ್ನು ಯುರೋಪ್ ನಿಷೇಧಿಸಿದೆ. ಗಿಡಕ್ಕೆ ರೋಗ, ಹುಳ ಇಲ್ಲ ಎಂಬ ಸರ್ಟಿಫಿಕೇಟ್ ಇಲ್ಲದೆ ಕರಿಬೇವೂ ಒಳಗೆ ಹೋಗುವಂತಿಲ್ಲ. ಅಂಥ ಸರ್ಟಿಫಿಕೇಟ್ ಬೇಡದ ಹಣ್ಣುಗಳು ಐದೇ: ಬಾಳೆ, ಅನಾನಸ್, ಖರ್ಜೂರ, ಡುರಿಯನ್, ಆಮೇಲೆ ತೆಂಗಿನಕಾಯಿ! ಸಾರಿನ ಪುಡಿ, ಚಟ್ನಿಪುಡಿ ತಗೊಂಡು ಹೋಗಿ. ಅಲ್ಲಿಯೂ 230 ವೋಲ್ಟ್ ಆದ್ದರಿಂದ ನಮ್ಮ ಮಿಕ್ಸಿ ನಡೆಯುತ್ತದೆ, ಪ್ಲಗ್‌ಗೆ ಅಡಾಪ್ಟರ್ ಸಾಕು. ಕುಕ್ಕರ್ ಮಾತ್ರ ಇಂಡಕ್ಷನ್ ತಳದ್ದು ಕೊಳ್ಳಿ.

ಮನೆ, ಆಮೇಲೆ ಆನ್ಮೆಲ್ಡುಂಗ್

ಬಾಡಿಗೆ ಜಾಹೀರಾತಿನಲ್ಲಿ ‘ಕಾಲ್ಟ್’ ಅಂದರೆ ತಣ್ಣಗೆ, ‘ವಾರ್ಮ್’ ಅಂದರೆ ಬೆಚ್ಚಗೆ. ತಣ್ಣನೆಯ ಬಾಡಿಗೆ ಗೋಡೆ, ಸೂರಿಗೆ ಮಾತ್ರ. ಬೆಚ್ಚನೆಯದರಲ್ಲಿ ಹೀಟಿಂಗ್, ಕಸ, ಮೆಟ್ಟಿಲು ಗುಡಿಸುವುದು ಇಂಥವೂ ಸೇರಿರುತ್ತವೆ. ಅಡ್ವಾನ್ಸ್ ಹೆಚ್ಚೆಂದರೆ ಮೂರು ತಿಂಗಳ ತಣ್ಣನೆಯ ಬಾಡಿಗೆ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ಹಬ್ಬ. ಆದರೆ ಖುಷಿ ಅಲ್ಲಿಗೇ ಮುಗಿಯುತ್ತದೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಕೋಣೆ. ಸಿಂಕ್, ಒಲೆ, ಕಪಾಟು ಎಲ್ಲ ನೀವೇ ಹಾಕಿಸಬೇಕು. ಮನೆ ನೋಡದೆ ದುಡ್ಡು ಕಳಿಸಬೇಡಿ, ಕೀಲಿಯನ್ನು ಕೊರಿಯರ್ ಮಾಡುತ್ತೇನೆ ಅನ್ನುವವರು ಮೋಸಗಾರರು.

ಮನೆ ಸೇರಿದ ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಯಲ್ಲಿ ಎಲ್ಲರ ಹೆಸರು, ವಿಳಾಸ ದಾಖಲಿಸಬೇಕು. ಇದೇ ಆನ್ಮೆಲ್ಡುಂಗ್. ಇದಕ್ಕೆ ಮನೆ ಮಾಲೀಕರ ಸಹಿಯಿರುವ ಒಂದು ಕಾಗದ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಹೇಳಲು ಬರದಿದ್ದರೂ ಪರವಾಗಿಲ್ಲ, ಮರೆಯಬೇಡಿ. ತಾತ್ಕಾಲಿಕ ಮನೆ ಹಿಡಿಯುವಾಗಲೂ ‘ಆನ್ಮೆಲ್ಡುಂಗ್‌ಗೆ ಸಹಿ ಕೊಡುತ್ತೀರಾ?’ ಅಂತ ಮೊದಲೇ ಕೇಳಿ. ಕೆಲವರು ಕೊಡುವುದಿಲ್ಲ.

ನೋಂದಣಿಯಾದ ಕೆಲವು ವಾರಗಳಲ್ಲಿ 11 ಅಂಕಿಯ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ, ಮಗುವಿಗೂ ಬರುತ್ತದೆ. ಆದ್ದರಿಂದ ಡಬ್ಬದ ಮೇಲೆ ಎಲ್ಲರ ಸರ್‌ನೇಮ್ ಅಂಟಿಸಿ. ಆ ನಂಬರ್ ಇಲ್ಲದಿದ್ದರೆ ಕಂಪನಿಯವರು ಆರನೇ ವರ್ಗದಲ್ಲಿ ತೆರಿಗೆ ಹಿಡಿಯಬೇಕಾಗಬಹುದು. ಎಲ್ಲಕ್ಕಿಂತ ಜಾಸ್ತಿ ಕಡಿತ ಅದರಲ್ಲೇ. ಮೊದಲ ಸಂಬಳ ನೋಡಿ ಗಾಬರಿಯಾಗುವವರಿಗೆ ಬಹುಪಾಲು ಕಾರಣ ಇದೇ.

ಮಕ್ಕಳು

ಆರೋಗ್ಯ ವಿಮೆ ಸರ್ಕಾರಿ ಪದ್ಧತಿಯದು ತಗೊಂಡರೆ, ದುಡಿಯದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತು ಕಟ್ಟಬೇಕಿಲ್ಲ. ಖಾಸಗಿಯದು ಒಬ್ಬರಿಗೆ ಅಗ್ಗ ಕಾಣುತ್ತದೆ, ಆದರೆ ತಲೆಗೊಂದು ಕಂತು. ಸಂಸಾರಸ್ಥರು ಎರಡು ಸಲ ಯೋಚಿಸಿ.

‘ಕಿಂಡರ್‌ಗೆಲ್ಡ್’ ಎಂಬ ಮಕ್ಕಳ ಭತ್ಯೆ 2025ರಲ್ಲಿ ಮಗುವೊಂದಕ್ಕೆ ತಿಂಗಳಿಗೆ 255 ಯೂರೊ ಇತ್ತು. ಬ್ಲೂ ಕಾರ್ಡಿನವರಿಗೂ ಸಿಗುತ್ತದೆ. ಆದರೆ ಹಿಂದಿನ ಬಾಕಿ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ, ಅರ್ಜಿ ತಡ ಮಾಡಬೇಡಿ.

ದಡಾರದ ಲಸಿಕೆಯ ದಾಖಲೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ಶಾಲೆಯೂ ಇದನ್ನು ಕೇಳುತ್ತದೆ. 2020ರ ಮಾರ್ಚ್‌ನಿಂದ ಇದು ಕಾನೂನು. ಲಸಿಕೆ ಪುಸ್ತಕದಲ್ಲಿ ತಾರೀಕು, ಡಾಕ್ಟರ್ ಸೀಲು ಸ್ಪಷ್ಟವಾಗಿ ಇರಲಿ.

ಶಾಲೆಯ ವಿಷಯದಲ್ಲಿ ಮಗುವಿನ ವಯಸ್ಸು ನೋಡಿ ಹೊರಡಿ. ಬಹುಪಾಲು ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದ ಮೇಲೆ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಬರ್ಲಿನ್‌ನಲ್ಲಿ ಆರನೆಯದರ ನಂತರ. ಆರೇಳು ವರ್ಷದ ಮಗು ಒಂದು ವರ್ಷದಲ್ಲಿ ಭಾಷೆ ಹಿಡಿಯಬಹುದು. ಒಂಬತ್ತರ ಮಗು ಹೋದ ತಕ್ಷಣವೇ ಬರದ ಭಾಷೆಯಲ್ಲಿ ಅಳೆಸಿಕೊಳ್ಳಬೇಕಾಗುತ್ತದೆ. ಅಂಥ ಮಗು ಇದ್ದರೆ ಹೊರಡುವುದಕ್ಕೆ ಮುಂಚೆ ಆರು ತಿಂಗಳು ಭಾಷೆ ಕಲಿಸಿ.

ಜೊತೆಗೆ ಹೋಗುವವರು

ಕಾನೂನು ಜರ್ಮನ್ ಕೇಳುವುದಿಲ್ಲ, ಸರಿ. ಕೆಲಸ ಕೊಡುವವರು ಕೇಳುತ್ತಾರೆ. ನನ್ನ ಹೆಂಡತಿಗೆ ಐಟಿ ಅನುಭವವಿದ್ದರೂ ಸಂದರ್ಶನದಲ್ಲಿ ಭಾಷೆಗೇ ತಡೆ ಬಿತ್ತು. ನೋಟಿಸ್ ಪೀರಿಯಡ್‌ನಲ್ಲಿ ಸುಮ್ನೆ ಕೂರುವ ಬದಲು ಜರ್ಮನ್ ಕಲಿಸುವ ಬೆಂಗಳೂರು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೋ ಆನ್‌ಲೈನ್ ಕ್ಲಾಸಿಗೋ ಸೇರಿ. ಡಾಕ್ಟರ್, ನರ್ಸ್, ಶಿಕ್ಷಕರಾದರೆ ಓದಿಗೆ ಅಲ್ಲಿನ ಮಾನ್ಯತೆ ಬೇಕು, ಅದರ ಕೆಲಸ ಇಲ್ಲಿಂದಲೇ ಶುರುವಾಗಲಿ. ಜರ್ಮನ್ ಭಾಷೆಯಲ್ಲಿ ಬಿ-1, ಅಂದರೆ ಮಧ್ಯಮ ಮಟ್ಟ ಮುಟ್ಟಿದ ಬ್ಲೂ ಕಾರ್ಡ್‌ದಾರರಿಗೆ 21 ತಿಂಗಳಿಗೇ ಕಾಯಂ ವಾಸದ ಅರ್ಜಿ ಹಾಕಲು ಅವಕಾಶವಿದೆ. ಅಷ್ಟು ಭಾಷೆ ಬರದವರು 27 ತಿಂಗಳು ಕಾಯಬೇಕು.

ಕೊನೆಯ ಕೌಂಟರ್

ಡಿ ವೀಸಾ ಮುಗಿಯುವ ಮೊದಲೇ ವಿದೇಶಿಯರ ಕಚೇರಿಯಲ್ಲಿ ವಾಸದ ಕಾರ್ಡಿಗೆ ಅರ್ಜಿ ಹಾಕಬೇಕು. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅಲ್ಲಿಗೆ ಹೋಗಿ ಇಳಿದ ವಾರವೇ ಬುಕ್ ಮಾಡಿ. ಕಾರ್ಡ್ ಕೈಗೆ ಬಂದಾಗ ಅವಸರದಲ್ಲಿ ಎದ್ದು ಬರಬೇಡಿ. ಸಂಗಾತಿಯ ಕಾರ್ಡಿನಲ್ಲಿ ‘ಎರ್ವೆರ್ಬ್ಸ್‌ಟೇಟಿಶ್‌ಕೈಟ್ ಎರ್ಲೌಬ್ಟ್’, ಅಂದರೆ ದುಡಿಯಲು ಅನುಮತಿ ಇದೆ ಎಂಬ ಸಾಲು ಇದೆಯೇ ನೋಡಿ. ಆಮೇಲೆ ಎಲ್ಲರ ಹೆಸರನ್ನೂ ಅಲ್ಲೇ ನಿಂತು ಓದಿ. ನನ್ನ ಮಗಳ ಕಾರ್ಡಿನಲ್ಲಿ ಒಂದು ‘ಎಚ್’ ಬಿಟ್ಟುಹೋಗಿತ್ತು. ಮನೆಗೆ ಬಂದ ಮೇಲೆ ಅವಳೇ ಕಂಡುಹಿಡಿದಳು.